ಮೂರು ವರ್ಷ ಮುಟ್ಟದ ನಿಂಬೆ

ಜನ್ನಾಪುರ, ಭದ್ರಾವತಿ
೧೨-೯-೧೯೩೮

ಸರಸ್ವತಿಯ ಅಪ್ಪನವರಿಗೆ ಹುಚ್ಚಮ್ಮನ ನಮಸ್ಕಾರ.

ನಿಂಬೆಹಣ್ಣಿನ ರಾದ್ಧಾಂತಕ್ಕೆ ಆದ ಖರ್ಚು ಮೊದಲೇ ಹೇಳಿಬಿಡ್ತೀನಿ: ಹನ್ನೆರಡು ನಿಂಬೆ, ಮೂರು ಸೇರು ಅಕ್ಕಿಯ ಚಿತ್ರಾನ್ನ, ಬಡಿಸಿದ ಒಂದು ಬಾಳೆಲೆ, ಮತ್ತೆ ಹದಿನಾಲ್ಕು ಜನರ ಎದುರು ನನ್ನ ಮರ್ಯಾದೆ.

ನನ್ನ ಊಟದ ಮನೆಯ ಹಿಂದಿನ ಕೋಣೆಯಲ್ಲಿ ಕಾರ್ಖಾನೆಯ ಫಿಟ್ಟರ್ ದಾನಿಯೇಲ್ ಚೌಲ್ಕರ್ ಬಾಡಿಗೆಗಿದ್ದಾರೆ. ಕೊಂಕಣದ ಯೆಹೂದಿಗಳು. ನನ್ನ ತಟ್ಟೆಯಲ್ಲಿ ಉಣ್ಣರು, ಬಾಳೆಲೆಯೇ ಆಗಬೇಕು. ಬಂದ ವರ್ಷವೇ ಹಿತ್ತಲಲ್ಲಿ ನಿಂಬೆಯ ಕಸಿ ನೆಟ್ಟರು. ಬೇಗನೇ ಕಾಯಿ ಬಿಟ್ಟಿತು. ನೆಟ್ಟ ಮರದ ಹಣ್ಣನ್ನು ಮೂರು ವರ್ಷ ತಿನ್ನಬಾರದು, ಯಾರಿಗೂ ಕೊಡಬಾರದು ಅಂತ ಅವರ ಧರ್ಮದ ಕಟ್ಟಳೆ. ಇರಲಿ, ಬೇಡಗಳು ಯಾರ ಮನೆಯಲ್ಲಿಲ್ಲ? ಆದರೆ ಇವರು ಆ ತಿನ್ನಬಾರದ ಗಿಡಕ್ಕೆ ಬಿದಿರಿನ ಬೇಲಿ ಕಟ್ಟಿ, ಬೇಲಿಗೆ ಹಸಿರು ಬಣ್ಣ ಹೊಡೆದರು. ಸಂಜೆ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುತ್ತಾರೆ. ಬಿದ್ದ ಹಣ್ಣನ್ನು ಗುಂಡಿ ತೋಡಿ ಹೂಳುತ್ತಾರೆ.

ನಾನು ಸುಮ್ಮನಿರುವವಳೇ? ಅಲ್ಲ ಮಾರಾಯ್ರೇ, ನಿಂಬೆ ಸೇರದವರಿಗೆ ಈ ಸೇವೆ ಯಾಕೆ ಅಂದೆ. ಅವರು ನಕ್ಕರು. ಸೇರೋಲ್ಲ ಅಂದವರು ಯಾರು ಹುಚ್ಚಮ್ಮ, ವಾಸನೆಗೇ ಬಾಯಲ್ಲಿ ನೀರು ಬರುತ್ತೆ. ಆಸೆಯಿದೆ, ಆದರೆ ಮೇಲಿನ ಅಪ್ಪ ಬೇಡ ಅಂದಿದ್ದಾನೆ. ಅವನು ಮಾಡು ಅಂದದ್ದಕ್ಕೆ ಹಬ್ಬ ಮಾಡ್ತೀನಿ, ಬೇಡ ಅಂದದ್ದೂ ಅದೇ ಬಾಯಿಂದ ಬಂದದ್ದು, ಅದಕ್ಕೊಂದು ಚೆಂದದ ಬೇಲಿಯಾದರೂ ಬೇಡವೇ ಅಂದರು.

ಹೋದ ತಿಂಗಳ ಕೊನೆಗೆ ನಮ್ಮ ಸರಸ್ವತಿಯನ್ನು ನೋಡಲು ಶಿವಮೊಗ್ಗದಿಂದ ಹುಡುಗ ಶಿವರಾಮ, ಅವನ ತಾಯಿ ಪುಷ್ಪಮ್ಮ, ನೆಂಟರು ಬಂದರು. ಚಿತ್ರಾನ್ನಕ್ಕೆ ಅನ್ನ ಹರವಿದ ಮೇಲೆ ನೋಡಿದರೆ ಮನೆಯಲ್ಲಿ ನಿಂಬೆಯಿಲ್ಲ. ಫಿಟ್ಟರು ಕೆಲಸದಲ್ಲಿದ್ದರು. ಬೇಲಿಯೊಳಗೆ ಕೈಹಾಕಿ ಹನ್ನೆರಡು ಕಿತ್ತೆ. ಹೂಳುವ ಹಣ್ಣು ತಾನೇ, ಯಾರಿಗೆ ನಷ್ಟ ಅಂದುಕೊಂಡೆ.

ಬೀಗರು ಊಟಕ್ಕೆ ಕೂತಾಗ ಫಿಟ್ಟರೂ ಬಂದು ಜಗಲಿಯ ತಮ್ಮ ಜಾಗದಲ್ಲಿ ಕೂತರು. ಸಾರಿನ ಕಡೆ ತಿರುಗಿದ್ದೆ, ಅಷ್ಟರಲ್ಲಿ ಸರಸ್ವತಿ ಗೊತ್ತಿಲ್ಲದೆ ಅವರಿಗೂ ಚಿತ್ರಾನ್ನ ಬಡಿಸಿದಳು. ಕಣ್ಣು ಮುಚ್ಚಿ ಏನೋ ಹೇಳಿಕೊಂಡು ತುತ್ತೆತ್ತಿದರು. ಓಡಿಹೋಗಿ ಎಲೆಯನ್ನೇ ಸೆಳೆದುಬಿಟ್ಟೆ.

ಪುಷ್ಪಮ್ಮ ಉಣ್ಣುವ ಕೈ ನಿಲ್ಲಿಸಿ, ಕೂತವರ ಎಲೆ ಕಸಿಯೋದು ನಿಮ್ಮ ಮನೆಯ ಪದ್ಧತಿಯೇನಮ್ಮಾ ಅಂದರು. ಒಂದು ಸುಳ್ಳು ಸಾಕಿತ್ತು. ಇಲಿ ಬಿದ್ದಿತ್ತು ಅಂದಿದ್ದರೂ ನಡೆಯುತ್ತಿತ್ತು. ಹೇಳಲಾಗಲಿಲ್ಲ. ನಾನು ಇವರ ಹಣ್ಣು ಕದ್ದೆ, ಇವರು ಅದನ್ನು ತಿನ್ನಬಾರದು ಅಂದೆ. ಸರಸ್ವತಿ ಒಳಗೆ ಓಡಿದಳು. ನೆಂಟರು ಅರ್ಧ ಊಟಕ್ಕೇ ಎದ್ದು ಬಸ್ಸು ಹತ್ತಿದರು. ಮಗಳ ಬದುಕನ್ನು ನಾನೇ ಕೆಡಿಸಿದೆ ಅಂತ ಹತ್ತು ದಿನ ಅತ್ತೆ.

ನಿನ್ನೆ ಪುಷ್ಪಮ್ಮನ ಕಾಗದ ಬಂತು. ಬೀಗರ ಎದುರು ತನ್ನ ಕಳ್ಳತನ ಒಪ್ಪುವವಳ ಮಗಳು ನಮಗೆ ಬೇಕು, ಆದರೆ ಧಾರೆ ಎರೆಯಲು ಹುಡುಗಿಯ ತಂದೆಯೇ ಕೂರಬೇಕು ಅಂತ ಬರೆದಿದ್ದಾರೆ.

ಎಂಟು ವರ್ಷದ ಹಿಂದೆ, ನೀವು ಕುಡಿದು ಬಂದ ದಿನ, ನನ್ನ ಹೊಸ್ತಿಲು ತುಳಿಯಬೇಡಿ ಅಂದಿದ್ದೆ. ನೀವು ಕುಡಿತ ಬಿಟ್ಟು ಐದು ವರ್ಷವಾಯಿತು ಅಂತ ಬಸ್ಸಿನ ಬಾಬು ಸಾಬ್ ಹೇಳ್ತಾರೆ. ತಿಂಗಳಿಗೊಮ್ಮೆ ಬಂದು ಎದುರಿನ ಅರಳಿಕಟ್ಟೆಯಲ್ಲಿ ಕೂತು ಹೋಗ್ತೀರಿ, ರಸ್ತೆ ದಾಟೋಲ್ಲ. ಮನೆ ಬೇಡವಾಗಿದೆ ಅಂತ ತಿಳಿದಿದ್ದೆ. ಫಿಟ್ಟರ ಕುರ್ಚಿ ನೋಡಿದ ಮೇಲೆ, ಆಸೆಯಿದ್ದೂ ದಾಟುತ್ತಿಲ್ಲವೇನೋ ಅಂತ ಅನುಮಾನ ಬಂದಿದೆ. ಬೇಡ ಅಂದವಳು ನಾನೇ. ಬನ್ನಿ ಅಂತಲೂ ನಾನೇ ಹೇಳ್ತಿದ್ದೀನಿ.

ಸರಸ್ವತಿಗೆ ಗಂಡ ಸಿಕ್ಕಿದ. ಪುಷ್ಪಮ್ಮನಿಗೆ ಸೊಸೆ ಸಿಕ್ಕಿದಳು. ಫಿಟ್ಟರಿಗೆ ಅವರ ಕಟ್ಟಳೆ ಉಳಿಯಿತು. ನನಗೇನು ಸಿಕ್ಕಿತು ಅನ್ನೋದು ನಿಮ್ಮ ಕಾಲಿಗೆ ಬಿಟ್ಟದ್ದು.

ಇಂತಿ,
ಹುಚ್ಚಮ್ಮ

ಮರೆತಿದ್ದೆ: ಲಕೋಟೆಯ ಮೇಲಿನ ಹೆಸರು ಬಾಬು ಸಾಬರಿಂದ ಬರೆಸಿದ್ದು. ಎಂಟು ವರ್ಷದಲ್ಲಿ ಒಮ್ಮೆಯೂ ನಾನು ಗಂಡನ ಹೆಸರು ಹೇಳಿಲ್ಲ, ಬರೆದಿಲ್ಲ. ಕೋಪಕ್ಕೆ ಅಂತ ಊರು ತಿಳಿದಿದೆ.