ಬಿಸಿನೀರಿಗೆ ಅಂಜದ ನೂಲು

ಬೆಶ್ಶೊ, ಉಯೆದಾ
ಫೆಬ್ರುವರಿ ೧೮

ಪ್ರೀತಿಯ ಮಗಳು ಮಿನೊರಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಪ್ಪಾ’ ಎನ್ನುವುದು ಬಿಟ್ಟು ನಿನಗೆ ಬೇರೆ ಮಾತೇ ಬರುವುದಿಲ್ಲ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ಪ್ರಯೋಗಾಲಯದ ಪಕ್ಕದ ಅಂಗಡಿಯ ತಣ್ಣನೆಯ ಅನ್ನದುಂಡೆ ತಿಂದುಕೊಂಡು ಕಾಲ ಹಾಕಬೇಡ. ಒಂದು ಬಟ್ಟಲು ಮಿಸೊ ಸಾರು ಕಾಯಿಸಿಕೊಳ್ಳುವುದಕ್ಕೆ ಏನು ಮಹಾ ಹೊತ್ತು ಬೇಕು? ಇಲ್ಲಿ ನಾನು ಇದ್ದೇನೆ. ಹಿಮ ಈ ಸಲ ಅಷ್ಟೇನಿಲ್ಲ, ಚಳಿ ಮಾತ್ರ ಮೂಳೆಗೆ ಇಳಿಯುತ್ತದೆ. ಅಮ್ಮ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿಸಿಕೊಂಡು ನೆಂಟರೆಲ್ಲ ಹೋದರು, ನೀನೂ ತ್ಸುಕುಬಾಗೆ ಹೋದೆ, ಮನೆ ಬಿಕೋ ಎನ್ನುತ್ತಿದೆ. ಬೆಳಿಗ್ಗೆ ಅವಳ ಪಟದ ಮುಂದೆ ಅನ್ನವಿಟ್ಟು ಗಂಟೆ ಬಾರಿಸುತ್ತೇನೆ. ನಾನು ಮಾಡಿದ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಅವಳಿದ್ದಿದ್ದರೆ ‘ಇದನ್ನ ಸತ್ತೋರೂ ತಿನ್ನಲ್ಲ ಕಣ್ರೀ’ ಎನ್ನುತ್ತಿದ್ದಳು.

ಈಚೆಗೆ ನೀನು ಫೋನಿನಲ್ಲಿ ‘ಮಾರ್ಚ್ ಮುಗಿದ ಮೇಲೆ ಕೆಲಸ ಬಿಡ್ತೀನಪ್ಪಾ, ಸ್ವಂತ ಅಮ್ಮನಿಗೇ ಆಗದಿರೋ ನೂಲು ಯಾರಿಗೆ ಬೇಕು’ ಎಂದೆಯಲ್ಲ, ನಿಜ ಹೇಳಲೇ? ನನಗೆ ಸಂತೋಷವಾಯಿತು. ಆ ನೂಲಿನ ಹೆಸರೆತ್ತಿದರೆ ನನಗೆ ಮೈ ಉರಿಯುತ್ತಿತ್ತು. ಹೊಟ್ಟೆಯೊಳಗೆ ಔಷಧಿ ತುಂಬಿಕೊಂಡಿರುವ ನೂಲು, ಅದರ ಬಲೆಯನ್ನು ಯಕೃತ್ತಿನ ಗಂಟಿನ ಮೇಲೆ ಹಾಸಿದರೆ, ಬಿಸಿ ತಾಕಿದಾಗ ಬಾಯಿಬಿಟ್ಟು ಔಷಧಿ ಕೊಡುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಕತ್ತಿ ಹೋಗದ ಜಾಗಕ್ಕೆ ಹೇಳಿ ಮಾಡಿಸಿದ್ದು. ಅಮ್ಮನ ಗಂಟೂ ಅಂಥದೇ ಜಾಗದಲ್ಲಿತ್ತು. ಆದರೆ ಬಲೆ ಮಾಡುವವರ ರಕ್ತಸಂಬಂಧಿಗಳನ್ನು ರೋಗಿಗಳ ಮೇಲಿನ ಪರೀಕ್ಷೆಗೆ ಸೇರಿಸಿಕೊಳ್ಳುವಂತಿಲ್ಲ. ನಿಮ್ಮ ಆಸೆ ನಿಮ್ಮ ಲೆಕ್ಕದೊಳಗೆ ಬೆರೆತುಬಿಡುತ್ತದೆ ಎಂದು ಆ ಕಟ್ಟಳೆ. ಸರಿಯಾದ ಕಟ್ಟಳೆಯೇ. ನೀನು ಬಿಡಿಸಿ ಹೇಳಿದಾಗ ನಾನು ತಲೆಯಾಡಿಸಿದೆ, ಆಮೇಲೆ ಸೌದೆ ಕೊಟ್ಟಿಗೆಗೆ ಹೋಗಿ ಅತ್ತೆ. ಆಗಲೇ ನೀನು ಕೆಲಸ ಬಿಡುತ್ತೇನೆ, ಅಮ್ಮನನ್ನು ಸೇರಿಸಿ ಎಂದು ಹಟ ಹಿಡಿದೆ. ಅವಳು ಏನೆಂದಳು, ನೆನಪಿದೆಯಲ್ಲ? ‘ನಾನೊಬ್ಬಳು ಬದುಕೋಕೆ ನೀನು ಅದನ್ನ ಬಿಡ್ಬೇಕಾ? ಬಿಟ್ರೆ ಆಮೇಲೆ ಅದನ್ನ ನೋಡೋರು ಯಾರೇ?’ ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಬಲೆ ಪಕ್ಕದ ಮನೆಯ ಗೆಂಪಾಚಿಗೆ ಸಿಕ್ಕಿತು. ಅವನು ಬದುಕಿದ್ದಾನೆ.

ಬದುಕಿರುವುದಷ್ಟೇ ಅಲ್ಲ, ವಾರಕ್ಕೊಮ್ಮೆ ಸೊಪ್ಪಿನ ಉಪ್ಪಿನಕಾಯಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಹೋದ ಶರತ್ಕಾಲದಲ್ಲಿ ಅವನು ಮಾಡಿಕೊಂಡ ಅವಾಂತರ ನಿನಗೆ ಗೊತ್ತೇ ಇದೆ. ಜೋರು ಜ್ವರದಷ್ಟು ಬಿಸಿಗೇ ಆ ಬಲೆ ಬಾಯಿಬಿಡುತ್ತದೆ, ಬಿಸಿನೀರಿನ ಬುಗ್ಗೆಗೆ ಇಳಿಯಲೇಬಾರದು ಎಂದು ಡಾಕ್ಟರು ಬಡಕೊಂಡಿದ್ದರು. ಬಿಸಿನೀರಿನ ಕೊಳದ ಗೆಳೆಯರು ಬಿಡಬೇಕಲ್ಲ! ‘ಏನಯ್ಯಾ ಗೆಂಪಾಚಿ, ಬೆಶ್ಶೊದಲ್ಲಿ ಹುಟ್ಟಿ ಒದ್ದೆ ಬಟ್ಟೇಲಿ ಮೈ ಒರೆಸ್ಕೊಂಡು ಸಾಯ್ತೀಯಾ?’ ಎಂದು ಕಿಚಾಯಿಸಿದರಂತೆ. ಈ ಮಹಾರಾಯ ಹೋಗಿ ಕುತ್ತಿಗೆಯವರೆಗೆ ಮುಳುಗಿ, ಬೆಂದ ಏಡಿಯ ಹಾಗೆ ಕೆಂಪಗಾಗುವ ತನಕ ಕೂತ. ಬಲೆಯಲ್ಲಿದ್ದ ಔಷಧಿಯೆಲ್ಲ ಒಂದೇ ಏಟಿಗೆ ಮೈಗೆ ಇಳಿಯಿತು. ಬಟ್ಟೆ ಬದಲಿಸುವ ಕೋಣೆಯಲ್ಲೇ ಬಿದ್ದ, ಹೇಗೋ ಜೀವ ಉಳಿಯಿತು. ಸುದ್ದಿ ಕೇಳಿ, ಎದ್ದು ಕೂರಲಾರದಿದ್ದ ನಿನ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಕೈಯಲ್ಲಿ ಫೋನು ಹಚ್ಚಿಸಿ ನಿನಗೇ ಬೈದಳು: ‘ನಮ್ಮೂರೋರು ಪ್ರಾಣ ಬೇಕಾದ್ರೆ ಬಿಟ್ಟಾರು, ಬಿಸಿನೀರು ಬಿಡಲ್ಲ. ಆ ಮುದುಕನಿಗೆ ಬುದ್ಧಿ ಹೇಳೋದು ಬಿಟ್ಟು ನಿನ್ನ ನೂಲಿಗೆ ಹೇಳು!’ ಅವತ್ತಿನಿಂದಲೇ ಅಲ್ಲವೇ ನೀನು ಹೊಸ ನೂಲಿಗೆ ಕೈ ಹಾಕಿದ್ದು? ಸ್ನಾನದ ಬಿಸಿಗೆ ಜಗ್ಗದೆ, ಆಸ್ಪತ್ರೆಯಲ್ಲಿ ಅಯಸ್ಕಾಂತದ ಬಳೆಯೊಳಗೆ ಮಲಗಿಸಿ ಕಾಯಿಸಿದಾಗ ಮಾತ್ರ ಬಾಯಿ ತೆರೆಯುವಂಥದು. ದಿನಾ ಕೇಳುತ್ತಿದ್ದಳು, ‘ನೂಲು ಏನಂತೆ?’ ಮಾತು ತೊದಲುವ ಹೊತ್ತಿನಲ್ಲೂ ಕೇಳಿದಳು. ಅದು ನಿನಗೆ ಗೊತ್ತಿರಲಿ.

ಹೋದ ವಾರ ಗೆಂಪಾಚಿ ಬಂದು ಊದಿನಕಡ್ಡಿ ಹಚ್ಚಿ ಕೂತ. ಮೇಜಿನ ಕೆಳಗೆ ಕಾಲು ಕಾಯಿಸುವ ಒಲೆಯಿದೆಯಲ್ಲ, ಹೊದಿಕೆಯೊಳಗೆ ಕಾಲಿಡು ಎಂದೆ. ಬೇಡವೆಂದು ದೂರದಲ್ಲಿ, ತಣ್ಣನೆಯ ಚಾಪೆಯ ಮೇಲೆ ಮುದುಡಿಕೊಂಡ. ಅವನಿಗೆ ಮತ್ತೆ ಹಾಸಿರುವುದು ಹಳೆಯ ಬಲೆಯೇ, ಈಗ ಒಲೆ ಕಂಡರೂ ಹೆದರುತ್ತಾನೆ. ನೀನು ಕೆಲಸ ಬಿಡುವ ಸುದ್ದಿ ನನ್ನಿಂದಲೇ ಕೇಳಿ, ‘ಹಾಗಾದ್ರೆ ನನ್ನ ಹಿಂದೆ ಬರೋರೂ ಚಳಿಗಾಲ ಪೂರ್ತಿ ಹೀಗೇ ನಡುಗ್ತಾ ಕೂರ್ಬೇಕಾ ಅಣ್ಣಾ?’ ಎಂದ. ನನಗೆ ಎಲ್ಲಿತ್ತೋ ಸಿಟ್ಟು. ‘ನಡುಗೋಕಾದ್ರೂ ನೀನು ಇದ್ದೀಯಲ್ಲಯ್ಯಾ!’ ಎಂದು ಕೂಗಿಬಿಟ್ಟೆ. ಅವನು ಹಣೆ ಚಾಪೆಗೆ ತಾಗುವಂತೆ ಬಾಗಿದ, ಬಾಗಿದವನು ಏಳಲೇ ಇಲ್ಲ. ನೋಡಿದರೆ ಅಳುತ್ತಿದ್ದಾನೆ. ನಾನೂ ಅತ್ತೆ. ಕೊನೆಗೆ ಇಬ್ಬರೂ ಮೂಗು ಒರೆಸಿಕೊಂಡು ಅವನ ಉಪ್ಪಿನಕಾಯಿ ನೆಂಚಿಕೊಂಡು ಟೀ ಕುಡಿದೆವು. ಉಪ್ಪು ಜಾಸ್ತಿಯಾಗಿತ್ತು, ಹೇಳಲಿಲ್ಲ.

ಅವನು ಹೋದ ಮೇಲೆ ಯೋಚಿಸುತ್ತಲೇ ಇದ್ದೇನೆ. ಮಿನೊರಿ, ಕೆಲಸ ಬಿಡಬೇಡ. ನಿನ್ನಮ್ಮ ಬದುಕಲು ಇಷ್ಟವಿಲ್ಲದೆ ಗೋಡೆಯ ಕಡೆ ತಿರುಗಲಿಲ್ಲ. ಬದುಕಬೇಕೆಂದು ಎಷ್ಟು ಆಸೆಯಿತ್ತೆಂದು ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಗೊತ್ತು. ಆ ಆಸೆಯನ್ನು ನುಂಗಿಕೊಂಡು ನಿನ್ನನ್ನು ಅಲ್ಲಿ ಉಳಿಸಿದಳು. ಈಗ ನೀನು ಎದ್ದು ಬಂದರೆ ಅವಳು ಒಲ್ಲೆ ಎಂದದ್ದು ದಂಡವಾಗುತ್ತದೆ. ಅದನ್ನು ತಡೆದುಕೊಳ್ಳಲು ನನ್ನಿಂದಾಗದು. ಇಷ್ಟು ವರ್ಷ ರೈಲು ಓಡಿಸಿಕೊಂಡಿದ್ದವನು, ನಿನಗೆ ಇದು ಮಾಡು ಅದು ಮಾಡು ಎಂದು ಎಂದೂ ಹೇಳಿದವನಲ್ಲ. ಈಗ ಹೇಳುತ್ತಿದ್ದೇನೆ. ನೂಲು ಮುಗಿಸು.

ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಕೆಮ್ಮಿಗೆ ಔಷಧಿ ತೆಗೆದುಕೋ. ಅಮ್ಮನ ಪಾಲಿನ ಆಶೀರ್ವಾದವನ್ನೂ ಇನ್ನು ಮೇಲೆ ನಾನೇ ಮಾಡಬೇಕು, ಎರಡನ್ನೂ ಸೇರಿಸಿ ಕಳಿಸಿದ್ದೇನೆ.

ನಿನ್ನ ಅಪ್ಪ,
ಟೊಕುಜಿ

ತಾ.ಕ.: ಅಂಚೆಯ ಗಾಡಿ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನನಗೂ ಯಕೃತ್ತಿನಲ್ಲಿ ಗಂಟು ಇದೆಯಂತೆ, ಕೊಯ್ಯಲು ಬಾರದ ಜಾಗವಂತೆ. ನೀನು ಕೆಲಸ ಬಿಡುವ ಸುದ್ದಿ ಡಾಕ್ಟರ ಕಿವಿಗೂ ಬಿದ್ದಿದೆ. ‘ಹಾಗಾದ್ರೆ ಏಪ್ರಿಲ್ಲಿಂದ ನಿಮ್ಮನ್ನ ಬಲೆಯ ಪರೀಕ್ಷೆಗೆ ಸೇರಿಸ್ಕೊಬಹುದು’ ಎಂದು ಅವರಿಗೆ ಖುಷಿಯೋ ಖುಷಿ. ನನ್ನ ಮಗಳು ಕೆಲಸ ಬಿಡುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಬೇರೆ ಯಾರಿಂದಲೋ ನಿನಗೆ ತಿಳಿಯುವುದು ಬೇಡವೆಂದು ಬರೆದೆ. ಹೆದರಿಕೆಯಾಗುತ್ತಿದೆ ಮಗಳೇ, ಅದು ನಿಜ. ಬೇಗ ಬಾ. ಕೆಲಸ ಬಿಟ್ಟು ಬರಬೇಡ, ರಜೆ ಹಾಕಿ ಬಾ.