ಹಾಸಿನ ಆ ತುದಿ

ಎಡಪ್ಪಾಡಿಯಲ್ಲಿರುವ ತಂಗಮ್ಮ ಅತ್ತೆಗೆ ಚಿನ್ನರಾಜ್ ಮಾಡುವ ನಮಸ್ಕಾರ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಅಜ್ಜಂದಿರು ಮಗ್ಗಕ್ಕೇರಿಸುವ ನೂಲಿನ ಹಾಸಿನ ಉದ್ದ ಅಳೆದೇ ಈ ಬೀದಿಗೆ ಜಾಗ ಬಿಟ್ಟರು, ಎರಡೂ ಕಡೆ ಇಪ್ಪತ್ತು ಮನೆ ಎದ್ದವು. ಬೆಳಿಗ್ಗೆ ಗಂಜಿ ಹಚ್ಚಿದ ಹಾಸನ್ನು ಬೀದಿಯುದ್ದಕ್ಕೂ ಎಳೆಯುವಾಗ ಆ ತುದಿಯಿಂದ ನೀವು, "ಎಳೀಲಾ ಚಿನ್ನಾ, ನಾ ಇಡ್ಕಂಡಿವ್ನಿ" ಎಂದು ಕೂಗುತ್ತಿದ್ದಿರಿ. ನಿಮ್ಮ ಹಾಗೆ ಎಲ್ಲರೂ ಪವರ್‌ಲೂಮ್ ಇರುವ ಕಡೆ ಹೋದಮೇಲೆ ನನ್ನ ಮಗ್ಗವೊಂದೇ ಉಳಿದಿದೆ. ಸೋಮವಾರ ಹಿಡಿಯುವವರಿಲ್ಲದೆ ಹಾಸಿನ ಆ ತುದಿಯನ್ನು ನೀವು ಬೀಗ ಹಾಕಿಹೋದ ಮನೆಯ ಜಗಲಿ ಕಂಬಕ್ಕೆ ಕಟ್ಟಿ ಎಳೆದೆ. ಗೆದ್ದಲು ತಿಂದಿದ್ದ ಕಂಬ ಮುರಿದು ಬಿತ್ತು. ಹೊಸದು ನಿಲ್ಲಿಸಿಕೊಡುತ್ತೇನೆ.

ಮುಂದಿನ ಶುಕ್ರವಾರ ಮತ್ತೆ ಹಾಸು ಎಳೆಯಬೇಕು. ಒಂದು ಗಳಿಗೆ ಬಂದು ಹಿಡಿಯಲಾದೀತೆ? ಆಗದಿದ್ದರೆ, ಉಳಿದಿರುವ ಇನ್ನೊಂದು ಕಂಬಕ್ಕೆ ಕಟ್ಟಿಕೊಳ್ಳಲು ಅಪ್ಪಣೆ ಕೊಡಿ.

ಬೀದಿಯ ಈ ತುದಿಯಿಂದ,
ಚಿನ್ನರಾಜ್