ಕಾವಲುಕೋಣೆಯ ಹಿಂಗೋಡೆ

ಭಾವನವರಿಗೆ,

ಹಿತ್ತಲ ಗೋಡೆಯ ಜಗಳದ ಸಿಟ್ಟಿನಲ್ಲಿ ನಾನು ಹೊರಡುವ ದಿನ ನೀವು ಮಾತೇ ಆಡಲಿಲ್ಲ. ಆದರೂ ಈ ಕಾರ್ಡು ಬರೆಯುತ್ತಿದ್ದೇನೆ.

ಈ ಪರದೇಶದ ಕೆಲಸಕ್ಕೆ ಇವತ್ತು ರಜೆ. ಕಾಡಿನೊಳಗೆ ಸರೋವರದ ದಂಡೆಯಲ್ಲೇ ಒಂದು ಗಂಟೆ ನಡೆದೆ. ದಾರಿ ಎಷ್ಟು ಸಮತಟ್ಟೆಂದರೆ ಅಕ್ಕನ ಮಂಡಿಗೂ ತೊಂದರೆಯಾಗದು. ಮರಗಳ ನಡುವೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರೇ ಕಟ್ಟಿದ ಕಾಂಕ್ರೀಟಿನ ಕಾವಲುಕೋಣೆಯಿದೆ. ಬಂದೂಕಿನ ಕಿಂಡಿಯಲ್ಲಿ ಈಗ ಹಕ್ಕಿ ಗೂಡು ಕಟ್ಟಿದೆ. ನೋಡಲು ಬಂದವರೆಲ್ಲ ಅದರ ಫೋಟೊ ತೆಗೆಯುತ್ತಿದ್ದರು. ನಿಮ್ಮ ಹತ್ತಿರ ಗಾರೆ ಕೆಲಸ ಕಲಿತ ಚಟ ಬಿಡುತ್ತದೆಯೇ? ನಾನು ದಾರಕ್ಕೆ ಬೀಗದ ಕೈ ಕಟ್ಟಿ ಗೋಡೆಗೆ ಇಳಿಬಿಟ್ಟೆ.

ಕಾಡಿನ ಕಾವಲುಗಾರ ಬಂದು, "ಏನ್ರೀ ಅದು?" ಎಂದ.

"ಗೋಡೆ ನೆಟ್ಟಗಿದ್ಯಾ ನೋಡ್ತಿದ್ದೀನಿ."

"ಕಟ್ಟಿ ಎಂಬತ್ತು ವರ್ಷ ಆಯ್ತು. ಈಗ ತಪ್ಪು ಸಿಕ್ಕಿದ್ರೆ ಯಾರನ್ನ ಹಿಡ್ಕೊಂಡು ಕೇಳ್ತೀರಿ?" ಎಂದು ನಕ್ಕ.

ತಪ್ಪು ಸಿಗಲಿಲ್ಲ ಭಾವ, ಕೂದಲೆಳೆಯಷ್ಟೂ ಇಲ್ಲ.

ಆಮೇಲೆ ಹಿಂಬದಿಗೆ ಹೋದೆ. ಶತ್ರುವಿಗೆ ಕಾಣದಿರಲೆಂದು ಆ ಗೋಡೆಯನ್ನು ಆಗಲೇ ಮಣ್ಣಿನಲ್ಲಿ ಮುಚ್ಚಿದ್ದರಂತೆ. ಮಣ್ಣು ಜರಿದು ಈಚೆಗಷ್ಟೇ ಹೊರಗೆ ಬಂದಿದೆ. ಯಾರೂ ನೋಡದ ಆ ಗೋಡೆಗೂ, ಯುದ್ಧ ತಲೆಯ ಮೇಲೆ ಕೂತಿದ್ದಾಗಲೇ, ಯಾವನೋ ಪುಣ್ಯಾತ್ಮ ಕರಣೆಯಲ್ಲಿ ನುಣ್ಣಗೆ ಗಾರೆ ಮಾಡಿದ್ದಾನೆ. ನಾನೋ, ನಮ್ಮ ಹಿತ್ತಲ ಗೋಡೆಯ ಆಚೆ ಬದಿಯನ್ನು "ಅಲ್ಲಿ ಯಾರ್ ನೋಡ್ತಾರೆ?" ಎಂದು ನಿಮಗೇ ಎದುರುತ್ತರ ಕೊಟ್ಟು ಒರಟಾಗಿಯೇ ಬಿಟ್ಟು ಬಂದವನು. ಅವನ ಗೋಡೆ ಮುಟ್ಟಲು ಕೈ ಹಿಂಜರಿಯಿತು.

ಇಲ್ಲಿಗೆ ಬಂದಾಗ ಹಿಡಿದಿದ್ದ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಮ್ಮ ಹಿತ್ತಲ ಗೋಡೆಗೆ ಬೇರೆಯವರನ್ನು ಕರೆಯಬೇಡಿ. ನನ್ನ ಕರಣೆ ಹುಡುಕಿಡಲು ಅಕ್ಕನಿಗೆ ಹೇಳಿ.

ನಿಮ್ಮ ಕೈಯಲ್ಲಿ ಪಳಗಿದ
ಭಾಮೈದ